ಹಿಂದಿನ ಸೀಟಿನ ಮಾತು

ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಗೆ ಮಾತು ಕೊಟ್ಟಿದ್ದ: "ಬೈಕಿನ ಈ ಗುಡುಗೋ ಸೈಲೆನ್ಸರ್ ಬದಲಾಯಿಸಿಬಿಡ್ತೀನಿ. ಆಮೇಲೆ ದಾರಿಯುದ್ದಕ್ಕೂ ನೀನು ಹೇಳಿದ್ದೆಲ್ಲ ಕೇಳ್ತೀನಿ."

ತಾಯಿ, ತಮ್ಮ, ತಮ್ಮನ ಹೆಂಡತಿ ಮಕ್ಕಳು ತುಂಬಿದ ಎರಡು ಕೋಣೆಯ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ ಇರಲು ಆಗುತ್ತಿದ್ದದ್ದು ಆ ಬೈಕಿನ ಮೇಲೆ ಮಾತ್ರ. ಇಪ್ಪತ್ತು ವರ್ಷ ಅವನು ಸೈಲೆನ್ಸರ್ ಬದಲಾಯಿಸಲಿಲ್ಲ. ತನ್ನ ಕಿವಿಗೆ ಹತ್ತಿ ತುರುಕಿಕೊಂಡು ಓಡಿಸಿದ.

ಅವಳು ತೀರಿಕೊಂಡ ಮೂರನೇ ತಿಂಗಳು ಬದಲಾಯಿಸಿದ.

"ಏನ್ ಸಾರ್, ಇಷ್ಟು ವರ್ಷ ಬೀದಿಯನ್ನೆಲ್ಲ ಎಬ್ಬಿಸಿದ್ರಿ. ಈಗ ಸಂನ್ಯಾಸವಾ?" ಅಂದ ಮೆಕ್ಯಾನಿಕ್.

ಅವನು ನಗಲಿಲ್ಲ. ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟ. ಅವಳು ಅಮ್ಮನ ಬಳೆ ತೊಟ್ಟಿದ್ದಳು. ಬೈಕಿನ ಮೇಲೆ ಆ ಬಳೆಗಳ ಸದ್ದನ್ನು ಅವನು ಎಂದೂ ಕೇಳಿರಲಿಲ್ಲ. ಮೂರು ತಿಂಗಳಿಂದ ನಿದ್ದೆ ಕೆಡಿಸಿದ್ದ ಪ್ರಶ್ನೆ ಆಗ ಬಾಯಿಗೆ ಬಂತು.

"ಎದೆಯಲ್ಲಿ ಗಂಟಿದ್ದದ್ದನ್ನ ನಿಮ್ಮಮ್ಮ ಒಂದು ವರ್ಷ ನನ್ನಿಂದ ಯಾಕೆ ಮುಚ್ಚಿಟ್ಲು? ಒಂದು ಮಾತು ಹೇಳಿದ್ರೆ ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿರಲಿಲ್ವೇನೇ?"

"ಬೇಡ ಬಿಡಪ್ಪ," ಅಂದಳು ಮಗಳು.

"ಹೇಳೇ. ಈಗ ಎಲ್ಲ ಕೇಳ್ಸುತ್ತೆ."

"ಅಮ್ಮ ಮುಚ್ಚಿಡಲಿಲ್ಲ. ಮನೇಲಿ ಎಲ್ಲರೆದುರು ಹೇಳೋಕೆ ನಾಚಿಕೆಯಾಗಿ ಬೈಕ್ ಮೇಲೆ ಹೇಳಿದ್ಲಂತೆ. ನೀನು ‘ಹೂಂ, ಆಗಲಿ’ ಅಂದ್ಯಂತೆ."