ಖಾಲಿ ಸಾಲು

“ಫಕ್ಕೀರೇಶನ ಹೆಸರು ತಗದ್ಯೋ ಇಲ್ಲೋವಾ? ಆಡೂರ ಬಸ್ಸು ಬರೂ ಹೊತ್ತಾತು.” ಅಜ್ಜಪ್ಪ ಮತ್ತೆ ಕುರ್ಚಿಯಿಂದೆದ್ದು ಹಾನಗಲ್ಲಿನ ಆ ಡಿಟಿಪಿ ಅಂಗಡಿಯ ಬಾಗಿಲಿಗೆ ಹೋದ, ತಿರುಗಿ ಬಂದ.

ಕಂಪ್ಯೂಟರಿನ ಮುಂದೆ ಕೂತ ತನುಜಾ ಆಗಿನಿಂದ ತೆಗೆಯುತ್ತಲೇ ಇದ್ದಳು. ಅಜ್ಜಪ್ಪನ ಮಗಳ ಲಗ್ನಪತ್ರಿಕೆಯಿಂದ ಅವನ ತಮ್ಮನ ಹೆಸರನ್ನು ಅಳಿಸಿದಾಗಲೆಲ್ಲ ಪುಟವೇ ಜರುಗಿ, ಬಲಗಡೆಯ ಕಾಲಂನಿಂದ ಬೀಗರ ಹೆಸರು ಹಾರಿಬಂದು ಎಡಗಡೆ ಅಣ್ಣತಮ್ಮಂದಿರ ಸಾಲಿನಲ್ಲಿ ಕೂರುತ್ತಿತ್ತು. ಅದನ್ನು ಆಚೆ ದೂಡಿದರೆ ಮುಹೂರ್ತದ ಸಾಲು ಇನ್ನೊಂದು ಪುಟಕ್ಕೆ ಓಡುತ್ತಿತ್ತು. ಕೊನೆಗೆ ಅವಳು ಏನೋ ಒತ್ತಿದಳು. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬಂದರು. ಅಜ್ಜಪ್ಪನ ಹೆಸರಿನ ಕೆಳಗೆ ಮಾತ್ರ ಒಂದು ಸಾಲು ಖಾಲಿ.

“ಈಗ ಹೆಂಗ ಕುಂತ್ವು?”

“ಅಳಿಸಿಲ್ರಿ ಕಾಕಾ, ಬಿಳಿ ಬಣ್ಣ ಹಚ್ಚೇನಿ. ನಿಮ್ಮ ತಮ್ಮಾರ ಹೆಸರು ಅಲ್ಲೇ ಐತಿ, ಅಚ್ಚಿನ್ಯಾಗ ಕಾಣಂಗಿಲ್ಲ.”

“ಅಲ್ಲೇ ಐತಿ?” ಅಜ್ಜಪ್ಪ ಪರದೆಯ ಖಾಲಿ ಸಾಲಿನ ಮೇಲೆ ಬೆರಳಿಟ್ಟ. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಅವನು ಬೆರಳು ತೆಗೆಯಲಿಲ್ಲ.

“ಕರ್ರಗ ಮಾಡವಾ,” ಅಂದ. “ಲಗೂನ ಮಾಡು, ನನ್ನ ಮನಸ್ಸು ಮತ್ತ ತಿರುಗೂದ್ರೊಳಗ.”