ಹೊಸ ಒಲೆಯ ಹೊಗೆ

ಸಿಂದಗಿಯಿಂದ ಬಂದಿದ್ದ ವೈರಮನ್ ಇಸಾಕ ಕೊನೆಯ ತಂತಿ ಬಿಗಿದು ಗುಂಡಿ ಒತ್ತಿದ. ಕರೆಂಟ್ ಒಲೆಯ ಸುರುಳಿ ಕೆಂಪಗಾಗಿ, ಎಳೆಯಷ್ಟು ಹೊಗೆ ಎದ್ದಿತು.

"ಹೊಸಾದೈತ್ರಿ, ಮೊದಲ ಸಲ ಹಿಂಗ ಆಗ್ತೈತಿ," ಎಂದ.

ಪಡಸಾಲೆಯಲ್ಲಿ ಯಾರೋ ಕೆಮ್ಮಿದರು.

ಮನೆಯವರಿಬ್ಬರೂ, ಕಾಸಿಂಸಾಬರು ಮತ್ತು ಮಗಳು ಸಾಬೀರಾ, ಒಲೆಯ ಮುಂದೆಯೇ ನಿಂತಿದ್ದರು. ಈ ಅಡುಗೆಮನೆಯ ಹೊಗೆ ಕುಡಿದು, ಕೆಮ್ಮಿ ಕೆಮ್ಮಿ ಸತ್ತ ಹೆಂಡತಿ ಜನ್ನತಬಿಯ ನಲವತ್ತನೆಯ ದಿನ ನಿನ್ನೆಯಷ್ಟೇ ಮುಗಿದಿತ್ತು.

ಮತ್ತೆ ಅದೇ ಕೆಮ್ಮು, ಈ ಸಲ ಹೊಸ್ತಿಲ ಬಳಿ.

"ಅಪ್ಪಾ, ಅವ್ವ..." ಸಾಬೀರಾ ಗೋಡೆಗೆ ಒರಗಿದಳು.

ಕಾಸಿಂಸಾಬರು ಇಸಾಕನ ಕೈಯಿಂದ ಇಕ್ಕಳ ಕಸಿದುಕೊಂಡರು. ಬೆಕ್ಕು ನುಗ್ಗುತ್ತದೆಂದು ಇಪ್ಪತ್ತು ವರ್ಷದ ಹಿಂದೆ ತಾವೇ ಜಡಿದು ಮುಚ್ಚಿದ್ದ ಕಿಟಕಿಯ ಮೊಳೆಗಳನ್ನು ಒಂದೊಂದಾಗಿ ಕೀಳತೊಡಗಿದರು.

"ತಡಿ ಜನ್ನತ," ಎಂದರು ತಿರುಗಿ ನೋಡದೆ. "ತಗ್ಯಾಕತ್ತೇನಿ."