ಅಳತೆಗೆ ಕೊಟ್ಟ ರಕ್ತ

ಧಾರವಾಡದಲ್ಲಿ ಗಂಡು ಹೆಣ್ಣೆನ್ನದೆ ಎಲ್ಲರೂ ಬೆಳಗೆದ್ದು ಮೊದಲು ನೋಡುವುದು ಕೈಯಲ್ಲಿನ ಗಾಜಿನ ಬಳೆಯನ್ನು. ರಕ್ತನಾಳದಲ್ಲಿ ಉರಿಯೂತ ಶುರುವಾದರೆ ಬಳೆ ಕೆಂಪಾಗುತ್ತದೆ. ಹಸಿರಾಗಿದ್ದರೆ ಎದೆ ನೋವು ಬಂದರೂ ಯಾರೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಆರೋಗ್ಯವೆಂದರೆ ಏನೆಂದು ಆ ಬಳೆಗಳಿಗೆ ಕಲಿಸುತ್ತಿದ್ದವರು ವಿಜ್ಞಾನಿ ಶಕುಂತಲಾ ಹಾವನೂರ. ಪ್ರತಿ ಸೋಮವಾರ ಹೊಸ ಬಳೆಗಳಿಗೆ ತಮ್ಮದೇ ರಕ್ತದ ಹನಿ ಸವರುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಇಡೀ ಪ್ರಯೋಗಾಲಯದಲ್ಲಿ ಅವರ ರಕ್ತವೇ ಎಲ್ಲರದಕ್ಕಿಂತ ಚೆನ್ನಾಗಿತ್ತು. ಆಮೇಲೆ ಯಾರೂ ಅದನ್ನು ಮತ್ತೆ ಪರೀಕ್ಷಿಸಿರಲಿಲ್ಲ; ಅದೇ ರೂಢಿಯಾಗಿಬಿಟ್ಟಿತ್ತು.

ಈ ಸೋಮವಾರ ಸಹಾಯಕಿ ಚನ್ನವ್ವ ಬೇರೆ ಊರಿನಲ್ಲಿ, ಬೇರೆಯವರ ರಕ್ತದಿಂದ ತಯಾರಾದ ಬಳೆಯೊಂದನ್ನು ತಂದಿದ್ದಳು. ಶಕುಂತಲಾ ಕುತೂಹಲಕ್ಕೆಂದು ತೊಟ್ಟರು. ನೋಡನೋಡುತ್ತಲೇ ಅದು ಕುಂಕುಮದಂತೆ ಕೆಂಪಾಯಿತು.

“ಬಳಿ ಕೆಟ್ಟಿರಬೇಕ್ರಿ ಮೇಡಂ, ಕೊಡ್ರಿಲ್ಲೆ,” ಎಂದು ಚನ್ನವ್ವ ಅದನ್ನು ತನ್ನ ಕೈಗೇರಿಸಿದಳು. ಬಳೆ ಹಸಿರಾಯಿತು.

ಶಕುಂತಲಾ ತಮ್ಮ ಹಳೆಯ ಬಳೆ ನೋಡಿಕೊಂಡರು; ಅದು ಹಸಿರಾಗಿಯೇ ಇತ್ತು. ತಮ್ಮ ರಕ್ತ ಯಾವ ವರ್ಷ ಕೆಟ್ಟಿತ್ತೋ, ಅಂದಿನಿಂದ ಊರಿನ ಬಳೆಗಳೆಲ್ಲ ಆ ಕೇಡನ್ನೇ ಆರೋಗ್ಯವೆಂದು ಕಲಿತಿದ್ದವು. ಕಿಟಕಿಯಾಚೆ ಬಸ್ಸಿಗೆ ಕಾದು ನಿಂತವರ ಕೈಗಳಲ್ಲೆಲ್ಲ ಹಸಿರು ಮಿನುಗುತ್ತಿತ್ತು. ಯಾರ ಹಸಿರು ನಿಜ, ಯಾರದು ಸುಳ್ಳು?

ಅಷ್ಟರಲ್ಲಿ ಫೋನ್ ಬಂತು. ಮಗಳು ಗೌರಾ.

“ಅವ್ವಾ, ಮುಂಜಾನಿಂದ ಎದಿ ಹಿಡದಂಗ ಆಗೇತಿ, ಎಡಗೈನೂ ಜೋಮು ಹಿಡದೈತಿ. ನೀ ಏನ ಗಾಬರಿ ಆಗಬ್ಯಾಡ. ನಾ ಸಾಲಿಗೆ ಹೊಂಟೀನಿ. ಬಳಿ ಹಸರ ಐತಿ.”